ಪಾತ್ರೆ ತೊಳೆಯುವವರ ಮೊದಲ ಪಂಕ್ತಿ

ಪುಣೆಯ ಕೋಥರೂಡದ ಮಂಗಲ ಕಾರ್ಯಾಲಯವೊಂದರ ಹಿತ್ತಿಲು. ಮುಂಬಾಗಿಲಲ್ಲಿ ಹೂವಿನವನು ಚೆಂಡುಹೂವಿನ ಸರಗಳ ಸಿಕ್ಕು ಬಿಡಿಸುತ್ತಿದ್ದಾನೆ, ಸನಾದಿಯವರು ಇನ್ನೂ ಬಂದಿಲ್ಲ. ಬೆಳಕು ಈಗಷ್ಟೇ ಹರಿಯುತ್ತಿದೆ. ನೀರಿನ ಟಾಕಿಯ ಪಕ್ಕದ ತಗಡಿನ ಚಪ್ಪರದಡಿ ಸುಮಂಗಲಾ ಹಳೆಯ ಗ್ಯಾಸ್ ಓವನ್ನಿನ ಬಾಗಿಲು ತೆರೆದು ಪಾವ್ ಬ್ರೆಡ್ಡಿನ ತಟ್ಟೆಯನ್ನು ಹೊರಗೆಳೆಯುತ್ತಾಳೆ. ಒಂದನ್ನು ಬೆರಳಿಂದ ಒತ್ತುತ್ತಾಳೆ. ಗುಳಿ ಮೆಲ್ಲಗೆ ಮೇಲೆದ್ದು ಸಮನಾದಾಗ ತನಗೆ ತಾನೇ ತಲೆಯಾಡಿಸುತ್ತಾಳೆ. ಪಕ್ಕದ ಒಲೆಯ ಮೇಲೆ ಮಡಕಿಕಾಳಿನ ಉಸಳಿ ತೊಳತೊಳ ಕುದಿಯುತ್ತಿದೆ.

"ಬರ್ರಿ ಎಲ್ಲಾರೂ. ಬಿಸಿ ಇರೂತನಾ ಉಣ್ರಿ."

ಈ ಕರೆಗೆ ಬರುವವರು ಬೀಗರೂ ಅಲ್ಲ, ಪುರೋಹಿತರೂ ಅಲ್ಲ. ತರಕಾರಿ ಹೆಚ್ಚುವವರು, ಬಡಿಸುವವರು, ಸಿಲಿಂಡರ್ ಹೊರುವವರು, ಪಾತ್ರೆ ತೊಳೆಯುವ ಹೆಂಗಸರು. ಇವತ್ತು ಇಲ್ಲಿ ಒಬ್ಬ ಹುಡುಗನ ಮುಂಜಿ. ಇನ್ನೂರೈವತ್ತು ಜನರಿಗೆ ಮಧ್ಯಾಹ್ನ ಮಸಾಲೆ ಭಾತ, ಜಿಲೇಬಿ, ಮಠ್ಠಾ ಎಂಬ ಮಸಾಲೆ ಮಜ್ಜಿಗೆ. ಈ ಧಂದೆಯಲ್ಲಿ ದುಡಿಯುವವರು ಉಣ್ಣುವುದು ಎಲ್ಲ ಮುಗಿದ ಮೇಲೆ, ಅದೂ ಏನಾದರೂ ಉಳಿದಿದ್ದರೆ. ಇಪ್ಪತ್ತು ವರ್ಷದ ಈ ಹುಡುಗಿ ಅದನ್ನು ತಲೆಕೆಳಗು ಮಾಡಿ ಕೂತಿದ್ದಾಳೆ. ಇವಳ ಪಂಕ್ತಿಯಲ್ಲಿ ಹಿತ್ತಿಲವರದೇ ಮೊದಲ ಊಟ.

ಎಲ್ಲರೂ ತಟ್ಟೆ ಹಿಡಿದು ಕೂರುತ್ತಾರೆ, ಒಬ್ಬರನ್ನು ಬಿಟ್ಟು. ಆ ಒಬ್ಬರು ಸುಮಂಗಲಾಳ ತಾಯಿ ಸಾವಿತ್ರಿಬಾಯಿ. ಟಾಕಿಯ ಮಗ್ಗುಲಲ್ಲಿ ಹಿತ್ತಾಳೆಯ ಹಂಡೆಯೊಂದನ್ನು ತಿಕ್ಕುತ್ತ ಕೂತಿದ್ದಾರೆ. ಹಂಡೆ ಆಗಲೇ ಫಳಫಳ ಹೊಳೆಯುತ್ತಿದೆ, ಆದರೂ ಬಿಡುವುದಿಲ್ಲ.

"ಅವ್ವಾ, ಬಾ."

"ನಂಗ ಹಸಿವಿಲ್ಲ. ನೀವು ಉಣ್ರಿ."

ಈ ಮಾತು ಸುಮಂಗಲಾ ಪುಟ್ಟವಳಿದ್ದಾಗಿನಿಂದ ಕೇಳಿಕೊಂಡೇ ಬಂದದ್ದು. ತಂದೆ ಹುಲಿಗೆಪ್ಪ ಸುರಪುರದ ಕಡೆಯಿಂದ ಸೆಂಟ್ರಿಂಗ್ ಕೆಲಸಕ್ಕೆಂದು ಪುಣೆಗೆ ಬಂದವರು. ಕೋಥರೂಡದ ಎಷ್ಟೋ ಅಪಾರ್ಟ್‌ಮೆಂಟುಗಳ ಸ್ಲ್ಯಾಬಿಗೆ ಹಲಗೆ ಹೊಡೆದಿದ್ದಾರೆ, ವಾಸ ಮಾತ್ರ ಗುಡ್ಡದ ಮೇಲಿನ ಕೊಳೆಗೇರಿಯ ಒಂದೇ ಕೋಣೆಯಲ್ಲಿ. ಸಾವಿತ್ರಿಬಾಯಿ ಕೂಸಿದ್ದ ಮಗಳನ್ನು ಬಗಲಲ್ಲಿಟ್ಟುಕೊಂಡು ಮದುವೆ ಕಾರ್ಯಾಲಯಗಳಲ್ಲಿ ಪಾತ್ರೆ ತೊಳೆಯಲು ಹೋದವರು ಇನ್ನೂ ಬಿಟ್ಟಿಲ್ಲ. ಕಾರ್ಯಾಲಯದಲ್ಲಿ ಅತಿಥಿಗಳೆಲ್ಲ ಉಂಡೆದ್ದ ಮೇಲೆ, ಮನೆಯಲ್ಲಿ ಗಂಡ-ಮಗಳು ಉಂಡ ಮೇಲೆ, ಬೋಗುಣಿಯ ತಳದಲ್ಲಿ ಇದ್ದದ್ದೇ ಅವರ ಊಟ. ಅದು ಬಿಸಿಯಾಗಿದ್ದದ್ದು ಯಾವ ಕಾಲಕ್ಕೋ.

ಸುಮಂಗಲಾ ಈಗ ಹೋಟೆಲ್ ಮ್ಯಾನೇಜ್‌ಮೆಂಟ್ ಡಿಪ್ಲೊಮಾದ ಎರಡನೆಯ ವರ್ಷದಲ್ಲಿದ್ದಾಳೆ. ಬೆಳಿಗ್ಗೆ ಕಾಲೇಜು, ಸಂಜೆ ಸೊಸೈಟಿಗಳ ಹುಟ್ಟುಹಬ್ಬಕ್ಕೆ ಮೊಟ್ಟೆಯಿಲ್ಲದ ಕೇಕು, ಮುಹೂರ್ತವಿದ್ದ ದಿನ ಕೇಟರಿಂಗಿನವರ ಹತ್ತಿರ ಅಡುಗೆ ಕೆಲಸ. ಕಾಲೇಜಿನಲ್ಲಿ ಕ್ರೋಸಾಂ ಎಂಬ ಪದರಪದರದ ಫ್ರೆಂಚ್ ಬ್ರೆಡ್ಡನ್ನು ಮಡಚಲು ಕಲಿತಿದ್ದಾಳೆ, ನಾಲಿಗೆ ಹೊರಳದ ಹೆಸರಿನ ಸಾಸುಗಳನ್ನು ಮಾಡುತ್ತಾಳೆ. "ಚಾಕು ಹೆಂಗ ಹಿಡೀಬೇಕು ಅಂಬೂದನ್ನ ಒಂದು ತಿಂಗಳು ಕಲಿಸಿದ್ರು. ಮನಿಗಿ ಬಂದು ಅವ್ವಗ ತೋರಿಸಿದೆ. ಅಕಿ, ಹಂಗ ಹಿಡಿದ್ರ ಕ್ವಿಂಟಲ್ ಉಳ್ಳಾಗಡ್ಡಿ ಯಾವಾಗ ಮುಗಿಸ್ತಿ ಅಂದ್ಳು," ಎಂದು ನಗುತ್ತಾಳೆ.

ಆದರೆ ಅವಳ ಬದುಕು ತಿರುಗಿದ್ದು ಕ್ರೋಸಾಂದಿಂದಲ್ಲ. ನೀಲಿಮಾ ಮೇಡಂ ಎಂಬ ಉಪನ್ಯಾಸಕಿ ಪಾಠದ ನಡುವೆ ಸುಮ್ಮನೆ ಒಂದು ಮಾತು ಹೇಳಿ ಮುಂದೆ ಹೋಗಿದ್ದರು. ದೊಡ್ಡ ಹೋಟೆಲುಗಳಲ್ಲಿ ಗಿರಾಕಿಗಳಿಗೆ ಬಾಗಿಲು ತೆರೆಯುವ ಮುಂಚೆ ಕೆಲಸದವರು ಉಣ್ಣುತ್ತಾರೆ, ಹಸಿದವನ ಕೈಯಲ್ಲಿ ಅಡುಗೆ ಹದ ತಪ್ಪುತ್ತದೆ, ಇಷ್ಟೇ ಮಾತು. ಉಳಿದವರು ಬರೆದುಕೊಂಡರು. ಸುಮಂಗಲಾ ಬರೆಯುವುದನ್ನು ನಿಲ್ಲಿಸಿಬಿಟ್ಟಳು.

"ಹಿಂಗೂ ಇರ್ತದ ಅಂತ ನಂಗ ಗೊತ್ತೇ ಇದ್ದಿಲ್ರಿ. ಉಳಿದದ್ದು ತಿನ್ನೂದ ನಮ್ಮ ಪದ್ಧತಿ ಅಂತ ತಿಳಿದಿದ್ದೆ. ಅವತ್ತು ಭಾಳ ಸಿಟ್ಟು ಬಂತು, ಯಾರ ಮ್ಯಾಲ ಅಂತ ತಿಳೀಲಿಲ್ಲ."

ಸಿಟ್ಟನ್ನು ಕೆಲಸಕ್ಕೆ ಹಚ್ಚಿದಳು. ಆದರೆ ಮೊದಲ ಸಲವೇ ಎಡವಿದಳು. ಮದುವೆಯೊಂದರಲ್ಲಿ ಕೆಲಸದವರಿಗೆಂದು ಒಂದು ದೊಡ್ಡ ಪಾತ್ರೆ ಅನ್ನ-ಸಾರು ತೆಗೆದಿಟ್ಟು ಮೇಲೆ ಬಟ್ಟೆ ಮುಚ್ಚಿದ್ದಳು. ಕರೆದವರಿಗಿಂತ ಹೆಚ್ಚು ಜನ ಬಂದರು. ಮದುವೆ ಮನೆಯ ಯಜಮಾನರು ಹಿತ್ತಿಲಿಗೆ ಬಂದು ಬಟ್ಟೆ ಎತ್ತಿ ನೋಡಿದರು, ಪಾತ್ರೆ ಅತಿಥಿಗಳ ಪಂಕ್ತಿಗೆ ಹೋಯಿತು. ಅವತ್ತು ಸಾವಿತ್ರಿಬಾಯಿ ಆರಿದ ಎರಡು ಪೂರಿಯನ್ನು ನೀರಿನ ಜೊತೆ ನುಂಗಿದ್ದನ್ನು ಮಗಳು ಕಣ್ಣಾರೆ ನೋಡಿದಳು. ತೆಗೆದಿಟ್ಟದ್ದು ಉಳಿಯುವುದಿಲ್ಲ, ಹೊಟ್ಟೆಗೆ ಹೋದದ್ದನ್ನಷ್ಟೇ ಯಾರೂ ವಾಪಸು ಕೇಳುವುದಿಲ್ಲ ಎಂಬುದು ಅವಳಿಗೆ ಅರ್ಥವಾದದ್ದು ಆಗ.

ಹಾಗೆಂದು ಮೊದಲೇ ಉಣ್ಣಿಸಹೋದರೆ ಕೆಲಸದವರೇ ಒಪ್ಪಲಿಲ್ಲ. ಬಡಿಸುವವರಲ್ಲಿ ಹಿರಿಯರಾದ ದತ್ತು ಕಾಕಾ ಕೈ ಹಿಂದೆ ಕಟ್ಟಿಕೊಂಡು ನಿಂತರು. "ದೇವರ ನೈವೇದ್ಯ ಆಗಿಲ್ಲ. ಅದರೊಳಗಿಂದ ನಾವು ಉಂಡ್ರ ಎಲ್ಲಾ ಎಂಜಲಾತದ." ಸುಮಂಗಲಾ ವಾದಕ್ಕಿಳಿಯಲಿಲ್ಲ. ಮರುಸಲ ಕಾಳನ್ನು ಮನೆಯಿಂದಲೇ ತಂದಳು, ಒಲೆಯನ್ನು ಅಡುಗೆಮನೆಯ ಹೊರಗೆ ಹೂಡಿದಳು. ಹಿಟ್ಟನ್ನು ಹಿಂದಿನ ದಿನವೇ ನಾದಿ, ಅವ್ವನ ಹಳೆಯ ಸೀರೆ ಹೊದಿಸಿ ಉಬ್ಬಿಸಿದಳು. ಕಾರ್ಯಾಲಯದ ಒಂದು ಕಾಳೂ ಇದರಲ್ಲಿಲ್ಲ, ಎಂಜಲಾಗುವುದು ಯಾವುದು? ದತ್ತು ಕಾಕಾ ತಟ್ಟೆ ತೆಗೆದುಕೊಂಡು ಕೂತರು. ಈಗ ಎಲ್ಲರಿಗಿಂತ ಮೊದಲು ತಟ್ಟೆ ಹಿಡಿಯುವವರು ಅವರೇ.

ಇವರೆಲ್ಲ ದುಡಿಯುವ ಕೇಟರಿಂಗಿನ ಮಾಲೀಕ ಶಿವಪ್ರಕಾಶರು ಬೆಳಗಾವಿ ಕಡೆಯ ವ್ಯಾಪಾರಸ್ಥರ ಮನೆತನದವರು. ಕೆಟ್ಟವರಲ್ಲ, ಹೆದರುವವರು. "ಓವನ್ ನನ್ನ ಗೋಡೌನಿನ್ಯಾಗ ತುಕ್ಕು ಹಿಡೀಲಿಕತ್ತಿತ್ತು, ಬೇಕಾದ್ರ ತೊಗೋ. ಆದ್ರ ಯಜಮಾನ್ರ ಕಡಿಂದ ಒಂದ ಒಂದು ಕಂಪ್ಲೇಂಟ್ ಬಂತಂದ್ರ ಈ ನಾಷ್ಟಾನೂ ಬಂದ್, ನಿನ್ನ ಕೆಲಸಾನೂ ಬಂದ್," ಎಂದು ಅವರು ಮೊದಲೇ ಹೇಳಿಟ್ಟಿದ್ದಾರೆ. ಆ ಮಾತಿನ ಕತ್ತಿ ಪ್ರತಿ ಮುಹೂರ್ತದಲ್ಲೂ ತಲೆಯ ಮೇಲೆ ತೂಗುತ್ತಿರುತ್ತದೆ.

ಮುಂದೆ ಏನಾಗಬೇಕೆಂದಿದ್ದೀರಿ ಎಂದು ಕಾಲೇಜಿನಲ್ಲಿ ಕೇಳಿದಾಗ ಗೆಳತಿಯರು ಕ್ರೂಸ್ ಹಡಗು, ಸ್ವಂತ ಬೇಕರಿ ಎಂದೆಲ್ಲ ಹೇಳಿದರಂತೆ. ಸುಮಂಗಲಾ ತಾನೂ ಬೇಕರಿ ಎಂದೇ ಹೇಳಿದಳು. "ಖರೇ ಆಸೆ ಬ್ಯಾರೇನೇ ಅದ. ನನ್ನ ಕೈಯಾಂದು ಬಿಸಿ ಇದ್ದಾಗ ಅವ್ವ ಒಮ್ಮಿ ಉಣಬೇಕು. ಎಲ್ಲಾರಿಗೂ ಉಣ್ಣಿಸ್ತೀನಿ, ಅಕಿ ಮಾತ್ರ ಪಾವ್ ಸೆರಗಿನ್ಯಾಗ ಕಟ್ಕೊಂಡು ಮಧ್ಯಾಹ್ನಕ್ಕ ತಿಂತಾಳ. ಹೆಂಗಾಗ್ಯದ ಅಂದ್ರ ಚೊಲೋ ಆಗ್ಯದ ಅಂತಾಳ. ಆರಿದ್ದು ಏನ್ ಚೊಲೋ ಇರ್ತದ?"

ಇವತ್ತೂ ಪಾವು ಸೆರಗಿಗೆ ಹೋಗುವುದರಲ್ಲಿತ್ತು. ಅಷ್ಟರಲ್ಲಿ ಹಿತ್ತಿಲ ಬಾಗಿಲು ತೆರೆಯುತ್ತದೆ. ಒಂಬತ್ತು ಗಜದ ಕಚ್ಚೆ ಸೀರೆಯುಟ್ಟ, ಮುಂಜಿಯ ಹುಡುಗನ ಅಜ್ಜಿ ಇಂದೂತಾಯಿ ನಿಂತಿದ್ದಾರೆ. ಮಾತೃಭೋಜನದ ಅಡುಗೆ ಎಲ್ಲಿಗೆ ಬಂತೆಂದು ನೋಡಲು ಬಂದವರು. ಜನಿವಾರ ಹಾಕುವ ಮುಂಚೆ ಹುಡುಗ ತಾಯಿಯ ಜೊತೆ ಒಂದೇ ಎಲೆಯಲ್ಲಿ ಉಣ್ಣುವ ಶಾಸ್ತ್ರ ಅದು. ಸಾಲಾಗಿ ಕೂತು ಉಣ್ಣುತ್ತಿರುವವರನ್ನು ಕಂಡು ಅವರ ಹುಬ್ಬು ಗಂಟಾಗುತ್ತದೆ. ಒಳಗೆ ಹುಡುಗನ ಬಾಯಿಗೆ ಇನ್ನೂ ತುತ್ತು ಬಿದ್ದಿಲ್ಲ, ಇಲ್ಲಿ ಪಂಕ್ತಿಯೇ ಶುರುವಾಯಿತೇ ಎಂದು ಮರಾಠಿಯಲ್ಲಿ ಕೇಳುತ್ತಾರೆ.

ಶಿವಪ್ರಕಾಶರು ಎಲ್ಲಿದ್ದರೋ ಓಡಿ ಬರುತ್ತಾರೆ. ಕೈಮುಗಿದು ತಪ್ಪಾಯಿತೆನ್ನುತ್ತಾರೆ, ತಟ್ಟೆ ಕೆಳಗಿಡಿ ಎಂದು ಎಲ್ಲರಿಗೂ ಕಣ್ಸನ್ನೆ ಮಾಡುತ್ತಾರೆ. ದತ್ತು ಕಾಕಾ ತಟ್ಟೆಯನ್ನು ಬೆನ್ನ ಹಿಂದೆ ಸರಿಸುತ್ತಾರೆ. ಒಲೆ ಬೇರೆ, ಕಾಳು ನಮ್ಮ ಮನೆಯದು ಎಂದು ಹೇಳಹೊರಟ ಸುಮಂಗಲಾಳನ್ನು ಮಾಲೀಕರು ಕೈಯೆತ್ತಿ ತಡೆಯುತ್ತಾರೆ. ಶಿವಪ್ರಕಾಶರು ಕನ್ನಡಕ್ಕೆ ಹೊರಳಿ, ಹಲ್ಲು ಕಚ್ಚಿ, "ನಾ ಹೇಳಿದ್ದಿಲ್ಲೇನು? ಇವತ್ತಿಗೆ ಮುಗೀತು ನೋಡಿದು," ಎನ್ನುತ್ತಾರೆ.

ಹಂಡೆ ತಿಕ್ಕುವ ಸದ್ದು ನಿಲ್ಲುತ್ತದೆ. ಸಾವಿತ್ರಿಬಾಯಿ ಎದ್ದು ಕೈ ತೊಳೆದು ಸೆರಗಿಗೆ ಒರೆಸಿಕೊಳ್ಳುತ್ತಾರೆ. ಒಂದು ತಟ್ಟೆ ತೆಗೆದುಕೊಂಡು, ತಾವೇ ಉಸಳಿ ಹಾಕಿಕೊಂಡು, ಪಂಕ್ತಿಯ ಕೊನೆಗಲ್ಲ, ಇಂದೂತಾಯಿಯವರ ಕಣ್ಣೆದುರಿಗೇ ಕೂರುತ್ತಾರೆ. ಪಾವು ಮುರಿದು ಅದ್ದಿ ಬಾಯಿಗಿಡುತ್ತಾರೆ. ತುತ್ತು ನುಂಗಿ ತಲೆಯೆತ್ತಿ ಹೇಳುತ್ತಾರೆ.

"ಮಲಾ ಭೂಕ ಲಾಗಲೀಯ, ಆಜಿ."

ನನಗೆ ಹಸಿವಾಗಿದೆ. ಸುಮಂಗಲಾ ಹುಟ್ಟಿದಾಗಿನಿಂದ ಅವ್ವನ ಬಾಯಲ್ಲಿ ಈ ಮಾತನ್ನು ಯಾವ ಭಾಷೆಯಲ್ಲೂ ಕೇಳಿಲ್ಲ. ಅದು ಹೊಟ್ಟೆಯ ಮಾತೋ, ಮಗಳಿಗೆ ಬರುವ ಏಟಿಗೆ ತಾನು ಅಡ್ಡ ನಿಂತ ಮಾತೋ ಅವಳಿಗೂ ತಿಳಿಯದು. ಕಣ್ಣು ತುಂಬಿ ಬರುತ್ತದೆ.

ಇಂದೂತಾಯಿ ಆ ಕೈಗಳನ್ನು ನೋಡುತ್ತಾರೆ, ಸಾಬೂನಿನಲ್ಲಿ ನೆನೆದು ಸುಕ್ಕಾದ ಬೆರಳುಗಳನ್ನು. ಅವರ ಮುಖವೇನೂ ಅರಳುವುದಿಲ್ಲ. "ನಮ್ಮ ಮನೆಯಲ್ಲೂ ಇವತ್ತು ಮೊದಲು ಉಣ್ಣುವವಳು ತಾಯಿಯೇ," ಎಂದು ಮರಾಠಿಯಲ್ಲಿ ಹೇಳುತ್ತಾರೆ. "ಮಗಳು ಯಾಕೆ ನಿಂತಿದ್ದಾಳೆ? ಪಕ್ಕಕ್ಕೆ ಕೂರಿಸಿಕೋ." ಆಮೇಲೆ ಶಿವಪ್ರಕಾಶರ ಕಡೆ ತಿರುಗಿ, ಜಿಲೇಬಿಯ ಪಾಕಕ್ಕೆ ಕೇಸರಿ ಹಾಕುವಾಗ ಕೈ ಬಿಗಿ ಹಿಡಿಯಬೇಡಿ ಎಂದು ತಾಕೀತು ಮಾಡಿ ಒಳಗೆ ಹೋಗುತ್ತಾರೆ.

ಶಿವಪ್ರಕಾಶರು ಹಣೆಯ ಬೆವರು ಒರೆಸಿಕೊಳ್ಳುತ್ತಾರೆ. ಅತ್ತ ಇತ್ತ ನೋಡಿ ತಾವೂ ಒಂದು ಪಾವು ಎತ್ತಿಕೊಳ್ಳುತ್ತಾರೆ. "ಮುಂದಿನ ವಾರ ತಳೇಗಾಂವ ದಾಭಾಡೆ ಊರಾಗ ಸೀಮಂತ ಅದ. ಓವನ್ ಟೆಂಪೋದಾಗ ಮೊದಲ ಹಾಕ್ರಿ, ಮರೀಬ್ಯಾಡ್ರಿ," ಎನ್ನುತ್ತಾರೆ ಯಾರ ಮುಖವನ್ನೂ ನೋಡದೆ.

ಸುಮಂಗಲಾ ಅವ್ವನ ಪಕ್ಕದಲ್ಲಿ ಕೂರುತ್ತಾಳೆ. ತಟ್ಟೆ ಒಂದೇ. ಸನಾದಿಯವರು ಬಂದರೆಂದು ಕಾಣುತ್ತದೆ, ಮುಂದಿನ ಬಾಗಿಲಿನಿಂದ ಸ್ವರ ಹಿಡಿಯುವ ಸದ್ದು ಕೇಳಿಸುತ್ತಿದೆ. ಅವ್ವ ನಿಧಾನವಾಗಿ, ಅವಸರವಿಲ್ಲದೆ ಉಣ್ಣುತ್ತಾರೆ. ಮಗಳು ಹೆಂಗಾಗ್ಯದ ಎಂದು ಕೇಳುವುದಿಲ್ಲ, ಕೇಳಲು ಧೈರ್ಯ ಸಾಲುವುದಿಲ್ಲ.

"ಉಪ್ಪು ಒಂಚೂರು ಕಡಿಮಿ ಆಗ್ಯದ," ಎನ್ನುತ್ತಾರೆ ಸಾವಿತ್ರಿಬಾಯಿ.

ಕಾಲೇಜಿನಲ್ಲಿ ಎಷ್ಟು ಸಲ ಹೊಗಳಿಸಿಕೊಂಡಿದ್ದರೂ ಸುಮಂಗಲಾಗೆ ಇಷ್ಟು ಸಂತೋಷವಾದದ್ದಿಲ್ಲ. ಉಪ್ಪಿನ ಡಬ್ಬಿಗೆಂದು ಏಳಹೊರಟವಳ ಕೈಯನ್ನು ಅವ್ವ ಹಿಡಿದು ನಿಲ್ಲಿಸುತ್ತಾರೆ.

"ಇರ್ಲಿ ಬಿಡು. ಇನ್ನೊಂದು ಪಾವ್ ಹಾಕು. ಬಿಸೀದು ಹಾಕು."