ಕೊರಳಿನ ಕೆಂಪು ಲಾಡಿ

"ಧರ್ಮ ಯಾವುದು ಅಂತ ಬರೀಲಿ ಸರ್?"

ನಮ್ಮೂರು ತಳಕಲ್ಲಿನ ಮನೆಗೆ ಸಮೀಕ್ಷೆಗೆ ಬಂದಿದ್ದ ಶಿಕ್ಷಕಿ ಕೇಳಿದರು. ಕರಾವಳಿಯಿಂದ ವರ್ಗವಾಗಿ ಬಂದವರು. "ಹಿಂದೂ" ಎಂದೆ. ಅವರು ಆಗಷ್ಟೇ ಬರೆದುಕೊಂಡಿದ್ದ ನನ್ನ ಹೆಸರನ್ನು ಮತ್ತೊಮ್ಮೆ ನೋಡಿದರು: ಫಕೀರಪ್ಪ.

ಪಡಸಾಲೆಯಲ್ಲಿ ಜೋಳ ಹಸನು ಮಾಡುತ್ತಿದ್ದ ಅವ್ವ ಮೊರ ಕೆಳಗಿಟ್ಟಳು. "ಇಂವನ ಮುಂಚೆ ಎರಡು ಕೂಸು ಉಳೀಲಿಲ್ಲವ್ವಾ. ಮೊಹರಂ ಹಬ್ಬದ ಅಲಾಯಿ ದೇವರಿಗೆ ಬೇಡ್ಕೊಂಡೆ, ಇಂವ ಉಳದ. ಅದಕ್ಕ ಆ ಹೆಸರು ಇಟ್ಟೀವಿ. ಅದೂ ನಮ್ಮ ಧರ್ಮನ ಅಲ್ಲೇನು?"

ಚಿಕ್ಕವನಿದ್ದಾಗ ಪ್ರತಿ ಮೊಹರಂನಲ್ಲಿ ಅವ್ವ ನನ್ನ ಕೊರಳಿಗೆ ಕೆಂಪು ದಾರದ ಲಾಡಿ ಕಟ್ಟಿ ಫಕೀರನನ್ನಾಗಿ ಮಾಡುತ್ತಿದ್ದಳು. ಜೋಳಿಗೆ ಹಾಕಿಕೊಂಡು ಐದು ಮನೆ ಬೇಡಿ ಬಂದರೆ ಬೆಲ್ಲದ ಚೊಂಗೆ ರೊಟ್ಟಿ ಸಿಗುತ್ತಿತ್ತು. ಹಣೆಯ ವಿಭೂತಿಯೂ ಕೊರಳಿನ ಲಾಡಿಯೂ ಅವಳ ಕೈಯವೇ. ನೌಕರಿ ಸೇರಿದ ಮೇಲೆ, ಯಾರಾದರೂ ಏನಾದರೂ ಕೇಳಿಯಾರೆಂದು, ಸಹಿಯಲ್ಲಿ ಹೆಸರಿನ ಮೊದಲಕ್ಷರವನ್ನಷ್ಟೇ ಉಳಿಸಿಕೊಂಡಿದ್ದೆ.

ಧರ್ಮದ ಕಾಲಂನಲ್ಲಿ ಹಿಂದೂ ಎಂದೇ ಬರೆಸಿದೆ. ಕೆಳಗೆ ಸಹಿ ಮಾಡುವಾಗ ಮಾತ್ರ, ಎಷ್ಟೋ ವರ್ಷಗಳ ಮೇಲೆ, ಪೂರ್ತಿ ಹೆಸರು ಬರೆದೆ. ಪೆನ್ನು ಮರಳಿ ಕೊಟ್ಟ ಕೈ ತಾನಾಗಿಯೇ ಕೊರಳನ್ನು ಸವರಿತು.