ಕಾರಿನಡಿ ಬಗ್ಗಿ ನೋಡುವವರು

ಅವರ ಪ್ಯಾಂಟಿನ ಒಂದು ಮೊಣಕಾಲು ಯಾವಾಗಲೂ ಮಣ್ಣಾಗಿರುತ್ತಿತ್ತು. ಎಡಗಾಲೋ ಬಲಗಾಲೋ ಎಂದು ಕೇಳಿದರೆ ಹೇಳಲಾರೆ. ಅವರ ಬಗ್ಗೆ ನನಗೆ ನೆನಪಿರುವ ಅನೇಕ ಸಂಗತಿಗಳ ಗತಿಯೂ ಇದೇ. ಆ ಭಾನುವಾರ ನನ್ನ ಜೊತೆಗಿದ್ದ ಗೆಳೆಯ ಹೇಳುವ ಕಥೆಗೂ ನಾನು ಹೇಳುವುದಕ್ಕೂ ಅಷ್ಟಾಗಿ ಹೊಂದಿಕೆಯಿಲ್ಲ. ಆದರೂ ಮಣ್ಣಾದ ಮೊಣಕಾಲಿನ ಬಗ್ಗೆ ನಮ್ಮಿಬ್ಬರಲ್ಲಿ ತಕರಾರಿಲ್ಲ.

ಗದಗಿನ ಕಡೆಯವರು. ಎಂಟೊಂಬತ್ತು ವರ್ಷ ಜಪಾನಿನಲ್ಲಿ ಕಾರಿನ ಬಿಡಿಭಾಗ ಮಾಡುವ ಕಾರ್ಖಾನೆಯಲ್ಲಿ ದುಡಿದು, ಆಮೇಲೆ ಮೆಲ್ಬರ್ನಿಗೆ ಬಂದು ಪಾಯಿಂಟ್ ಕುಕ್‌ನಲ್ಲಿ ಮನೆ ಕಟ್ಟಿಕೊಂಡಿದ್ದರು. ಪಕ್ಕದ ವೆರಿಬೀಯ ಬಾಡಿಗೆ ಮನೆಯಲ್ಲಿದ್ದ ನಾವು ನಾಲ್ವರು ವಿದ್ಯಾರ್ಥಿಗಳು ಅವರನ್ನು ಅಂಕಲ್ ಎನ್ನುತ್ತಿದ್ದೆವು. ನಮ್ಮ ಹಳೇ ಕಾರುಗಳಿಗೆಲ್ಲ ಅವರ ಗ್ಯಾರೇಜೇ ಆಸ್ಪತ್ರೆ.

ಯಾವ ಕಾರನ್ನಾಗಲಿ, ಹತ್ತುವ ಮೊದಲು ಅವರು ಒಂದು ಸುತ್ತು ಬಂದು, ಮುಂದೆ ಒಮ್ಮೆ ಹಿಂದೆ ಒಮ್ಮೆ ಮೊಣಕಾಲೂರಿ ಅಡಿಗೆ ಇಣುಕುತ್ತಿದ್ದರು. ನಾವು ಅದಕ್ಕೆ ಪ್ರದಕ್ಷಿಣೆ ಎಂದು ಹೆಸರಿಟ್ಟಿದ್ದೆವು. "ಅಂಕಲ್, ಮಂಗಳಾರತಿ ಯಾವಾಗ?" ಎಂದು ಗೆಳೆಯ ಕಿಚಾಯಿಸಿದರೆ, "ನಗ್ರಿ, ನಗ್ರಿ. ಇದಕ್ಕ ನಾ ಐದು ಸಲ ಫೇಲ್ ಆಗೇನಿ" ಎನ್ನುತ್ತಿದ್ದರು. ಜಪಾನಿನಲ್ಲಿ ಹೊರದೇಶದವರು ತಮ್ಮ ಲೈಸೆನ್ಸನ್ನು ಅಲ್ಲಿಯದಕ್ಕೆ ಬದಲಿಸಿಕೊಳ್ಳಲು ಪರೀಕ್ಷೆ ಕೊಡಬೇಕಂತೆ. ಕಾರಿನಡಿ ಬಗ್ಗಿ ನೋಡಲಿಲ್ಲವೆಂದು ಪರೀಕ್ಷಕ ಅವರನ್ನು ಮತ್ತೆ ಮತ್ತೆ ವಾಪಸು ಕಳಿಸಿದ್ದನಂತೆ.

ಅಂತೆ ಎಂದೇ ಬರೆಯುತ್ತಿದ್ದೇನೆ. ಅವರ ಜಪಾನ್ ಕಥೆಗಳಿಗೆ ಸಾಕ್ಷಿಯಿರಲಿಲ್ಲ. ಲೈಸೆನ್ಸ್ ಸಿಕ್ಕ ಮೇಲೆ ಭಾನುವಾರ ಬೆಳಗಾಗುತ್ತಲೇ ಗುಡ್ಡದ ರಸ್ತೆಗೆ ಹೋಗುತ್ತಿದ್ದರಂತೆ. ಜೊತೆಗೆ ಕೆಲವು ಜಪಾನಿ ಹುಡುಗರು, ಕಾರ್ಖಾನೆಯ ಬ್ರೆಜಿಲ್ ಹುಡುಗರು, ಹಳೇ ಕಾರು ರಫ್ತು ಮಾಡುವ ಒಬ್ಬ ಪಾಕಿಸ್ತಾನಿ, ಇಂಗ್ಲಿಷ್ ಕಲಿಸಲು ಸಿಡ್ನಿಯಿಂದ ಬಂದಿದ್ದ ಒಬ್ಬ ಮೇಷ್ಟರು. ತಿರುವಿನಲ್ಲಿ ಹಿಂದಿನ ಚಕ್ರಗಳನ್ನು ಬೇಕೆಂದೇ ಜಾರಿಸಿ, ಸ್ಟಿಯರಿಂಗನ್ನು ಎದುರು ದಿಕ್ಕಿಗೆ ತಿರುಗಿಸಿ, ಕಾರನ್ನು ಅಡ್ಡಡ್ಡಲಾಗಿ ಸಾಗಿಸುವುದು ಅವರ ಆಟ. ಅದಕ್ಕೆ ಡ್ರಿಫ್ಟಿಂಗ್ ಎನ್ನುತ್ತಾರೆ. ಆಟ ಮುಗಿದ ಮೇಲೆ ಎಲ್ಲರೂ ಪೊರಕೆ ಹಿಡಿದು ರಸ್ತೆಯ ಮೇಲಿನ ಟೈರಿನ ಚೂರು ಗುಡಿಸುತ್ತಿದ್ದರಂತೆ. ಒಂದು ಬೆಳಿಗ್ಗೆ ಪೊಲೀಸರು ಬಂದರು. ಜಪಾನಿ ಹುಡುಗರು ದಂಡ ಕಟ್ಟಿ ಮನೆಗೆ ಹೋದರು, ಒಬ್ಬ ಬ್ರೆಜಿಲ್ ಹುಡುಗನ ವೀಸಾ ಮುಂದುವರಿಯಲಿಲ್ಲ. "ಅವ್ರಿಗೆ ದಂಡ ಆತು. ಇವಂಗ ದೇಶಾನ ಹೋತು" ಎಂದು ಅಂಕಲ್ ಹೇಳುವಾಗ ಮಾತ್ರ ಅವರ ದನಿಯಲ್ಲಿ ತಮಾಷೆ ಇರುತ್ತಿರಲಿಲ್ಲ. ಅಂದಿನಿಂದ ಅವರು ಗುಡ್ಡ ಬಿಟ್ಟು, ಕಾಯಿದೆಬದ್ಧ ಟ್ರ್ಯಾಕಿನಲ್ಲಷ್ಟೇ ಓಡಿಸಿದರಂತೆ.

ನಾನು ಲೋಹಶಾಸ್ತ್ರದಲ್ಲಿ ಮಾಸ್ಟರ್ಸ್ ಮಾಡುತ್ತಿದ್ದೆ. ಪುರಾವೆಯಿಲ್ಲದ್ದನ್ನು ನಂಬಬಾರದು ಎಂಬ ಜಂಬ ಆ ವಯಸ್ಸಿಗೆ ಸಾಲುವಷ್ಟಿತ್ತು. ಆದರೆ ಕಥೆ ನಂಬದಿದ್ದವನಿಗೆ ಆಟದ ಹುಚ್ಚು ಹಿಡಿದಿತ್ತು. ಒಂದು ಹಳೇ ಜಪಾನಿ ಕಾರು ಕೊಂಡು, ಅದಕ್ಕೆ ನಾನೇ ನೀಲಿ ಬಣ್ಣ ಸ್ಪ್ರೇ ಮಾಡಿ ಹಾಳುಗೆಡವಿದ್ದೆ.

ಪಾಯಿಂಟ್ ಕುಕ್‌ನಲ್ಲಿ ಆಗ ಮನೆಗಳಿಗಿಂತ ಮೊದಲು ರಸ್ತೆಗಳು ಹುಟ್ಟುತ್ತಿದ್ದವು. ದೀಪದ ಕಂಬ, ರಸ್ತೆಯ ಹೆಸರಿನ ಫಲಕ ಎಲ್ಲ ಇದ್ದು ಒಂದು ಮನೆಯೂ ಇಲ್ಲದ ಬಡಾವಣೆಗಳು. ಅಂಥ ಒಂದು ಕಡೆ, ಒಂದು ಭಾನುವಾರ ಮಧ್ಯಾಹ್ನ, ಹತ್ತಿಪ್ಪತ್ತು ಹುಡುಗರು ಕಾರು ಜಾರಿಸಲು ಸೇರುವುದೆಂದು ನಿಕ್ಕಿಯಾಗಿತ್ತು. ಹಾಗೆ ಓಡಿಸುವವರ ಕಾರನ್ನೇ ಪೊಲೀಸರು ಎತ್ತಿಕೊಂಡು ಹೋಗಬಹುದೆಂಬ ಕಾನೂನು ಹೊಸದಾಗಿ ಬಂದಿತ್ತು. ಆಸ್ಟ್ರೇಲಿಯಾದಲ್ಲಿ ಕಾಯಂ ಉಳಿಯಲು ಹಾಕಿದ್ದ ನನ್ನ ಪಿಆರ್ ಅರ್ಜಿ ವಲಸೆ ಇಲಾಖೆಯ ಮುಂದಿತ್ತು, ಪೊಲೀಸ್ ಚೆಕ್ ಬಾಕಿಯಿತ್ತು. ಹೆಸರಿಗೆ ಒಂದು ಕೇಸು ಅಂಟಿಕೊಂಡರೆ ಎರಡು ವರ್ಷದ ಓದು, ಅರ್ಜಿ, ಕಾಯುವಿಕೆ ಎಲ್ಲ ನೀರುಪಾಲಾಗುತ್ತಿತ್ತು. ಇದೆಲ್ಲ ಗೊತ್ತಿದ್ದೂ ಹೊರಟಿದ್ದೆ.

ದಾರಿಯಲ್ಲಿ ಟೈರಿಗೆ ಗಾಳಿ ತುಂಬಿಸಲು ಅಂಕಲ್ ಮನೆಗೆ ಹೋದೆವು. ಅವರು ಎಂದಿನಂತೆ ಸುತ್ತು ಬಂದರು, ಬಗ್ಗಿದರು. ಮುಂದಿನ ಚಕ್ರದ ಹತ್ತಿರ ಬಹಳ ಹೊತ್ತು ಬಗ್ಗಿಯೇ ಇದ್ದರು.

"ಮಗಾ, ಟೈಮಾಯ್ತು. ಎಲ್ರೂ ಬಂದ್ಬಿಟ್ಟವ್ರೆ" ಎಂದ ಗೆಳೆಯ.

"ಈ ಗಾಡಿ ಇವತ್ತ ಹೋಗಂಗಿಲ್ಲ" ಎಂದರು ಅಂಕಲ್ ಅಡಿಯಿಂದಲೇ.

"ಅಂಕಲ್, ಡ್ರಾಮಾ ಬೇಡ. ಬರೀ ಗಾಳಿ ಹಾಕಿ" ಎಂದೆ.

"ಲೋವರ್ ಆರ್ಮ್ ಸೀಳೇತಿ. ಚಕ್ರ ಹಿಡಕೊಂಡಿರೋದ ಅದು. ಬಾ ಇಲ್ಲೆ, ಬಗ್ಗಿ ನೋಡು."

ನಾನು ಬಗ್ಗಲಿಲ್ಲ. ನಾವೆಲ್ಲಿಗೆ ಹೊರಟಿದ್ದೇವೆಂದು ಅವರಿಗೆ ಗೊತ್ತಾಗಿಬಿಟ್ಟಿದೆ, ಅದಕ್ಕೇ ಈ ನಾಟಕ ಎಂದುಕೊಂಡೆ. "ನೀವು ಜಪಾನಲ್ಲಿ ನಿಜವಾಗ್ಲೂ ಓಡ್ಸಿದ್ರಾ? ಒಂದು ಫೋಟೋನೂ ಇಲ್ವಲ್ಲ!" ಎಂದೆ. ಹೇಳಬಾರದಿತ್ತು.

"ಫೋಟೋ ತೆಗಿಯಾಂವ ಗಾಡಿ ಹೆಂಗ ಓಡಿಸ್ತಾನಲೇ?" ಎಂದರು. ಆಮೇಲೆ ಮೆತ್ತಗೆ, "ತಮ್ಮಾ, ನಮ್ಮಂಥಾ ಪರದೇಶಿ ಮಂದಿ ಗಾಡ್ಯಾಗ ಯಾವಾಗ್ಲೂ ಇನ್ನೊಬ್ಬಾಂವ ಕುಂತಿರ್ತಾನ. ವೀಸಾ. ಅವಂಗ ಸೀಟ್ ಬೆಲ್ಟ್ ಇರಂಗಿಲ್ಲ" ಎಂದರು.

ಅವರು ನನ್ನ ಕೈಯಿಂದ ಕೀ ಕಿತ್ತುಕೊಂಡರು ಎಂಬುದು ನನ್ನ ನೆನಪು. ಗೆಳೆಯನ ಪ್ರಕಾರ ಕೀ ಮುಟ್ಟಲೇ ಇಲ್ಲ: ಜಾಕ್ ಹಾಕಿ, ಚಕ್ರ ಬಿಚ್ಚಿ, ಅದರ ಮೇಲೆ ಕೂತು ಚಹಾ ಕುಡಿದರು ಅಷ್ಟೆ. ಇಬ್ಬರೂ ನಡೆದುಕೊಂಡೇ ವಾಪಸಾದೆವು. ನಾಲ್ಕು ದಿನ ಬಿಟ್ಟು ಕಾರು ತರಲು ಹೋದಾಗ ಹೊಸ ಆರ್ಮ್ ಹಾಕಿದ್ದರು. "ಹಳೇದು ಇಟ್ಟೇನಿ, ನೋಡ್ತಿ ಏನು?" ಎಂದರು. "ಬೇಡ" ಎಂದೆ.

ಆ ಭಾನುವಾರ ಬಡಾವಣೆಗೆ ಪೊಲೀಸರು ಬಂದಿದ್ದರು. ಕಾರುಗಳು ಹೋದವು, ಹೆಸರುಗಳು ದಾಖಲಾದವು. ಕೆಲವು ತಿಂಗಳಲ್ಲಿ ನನಗೆ ಪಿಆರ್ ಬಂತು.

ಅದಾದ ಮೇಲೆ ನಾನು ಇದನ್ನೊಂದು ಚೆಂದದ ಕಥೆ ಮಾಡಿಕೊಂಡೆ. ಅಂಕಲ್ ಒಂದು ಸುಳ್ಳು ಹೇಳಿ ನನ್ನ ಬದುಕು ಉಳಿಸಿದರು ಎಂದು ಪಾರ್ಟಿಗಳಲ್ಲಿ ಹೇಳುತ್ತಿದ್ದೆ. ಮಗಳ ಜೊತೆ ಇರಲು ಅವರು ಸಿಡ್ನಿಯ ಕ್ವೇಕರ್ಸ್ ಹಿಲ್‌ಗೆ ಹೋದ ಮೇಲೆ, ಅಲ್ಲಿಯ ಒಂದು ಹುಟ್ಟುಹಬ್ಬದ ಊಟದಲ್ಲಿ ಅವರೆದುರೇ ಹೇಳಿದೆ. ಅವರು ತಟ್ಟೆ ಕೆಳಗಿಟ್ಟರು.

"ಸುಳ್ಳಲ್ಲಲೇ. ಸೀಳಿತ್ತು."

ಎಲ್ಲರೂ ನಕ್ಕರು. ನಾನೂ ನಕ್ಕೆ. ಅವರು ನಗಲಿಲ್ಲ. ನಾನು ಹೊಗಳಿದ್ದೇನೆ ಎಂದುಕೊಂಡಿದ್ದೆ. ಅವರಿಗೆ ಅದು ಮುಖದ ಮೇಲೆ ಸುಳ್ಳುಗಾರ ಎಂದು ಕರೆದಂತಾಗಿತ್ತು ಎಂದು ತಿಳಿಯಲು ನನಗೆ ವರ್ಷಗಳೇ ಬೇಕಾದವು.

ಸಿಟ್ಟು ಮಾತ್ರ ಉಳಿಸಿಕೊಳ್ಳಲಿಲ್ಲ. ಮರುದಿನವೇ ನನ್ನನ್ನು ಸಿಡ್ನಿಯ ಟ್ರ್ಯಾಕಿಗೆ ಕರೆದೊಯ್ದು, ಹೆಲ್ಮೆಟ್ ಹಾಕಿಸಿ, ಪಕ್ಕದಲ್ಲಿ ಕೂತು ಜಾರುವುದನ್ನು ಕಲಿಸಿದರು. "ಹೆದರಿ ಬ್ರೇಕ್ ಒತ್ತಬ್ಯಾಡ. ಎಲ್ಲಿ ಹೋಗಬೇಕೋ ಅಲ್ಲಿ ನೋಡು, ಕೈ ತಾನ ಬರತಾವ." ಹನ್ನೊಂದು ಸಲ ಗಿರಕಿ ಹೊಡೆದೆ, ಒಂದು ಸಲ ಸರಿಯಾಗಿ ಜಾರಿದೆ. ಕಾರು ಅಡ್ಡಲಾಗಿಯೂ ಎಷ್ಟು ಶಾಂತವಾಗಿ ಸಾಗಬಲ್ಲದು ಎಂದು ಆಗ ಗೊತ್ತಾಯಿತು. ಕೊನೆಗೆ ಅವರೇ ಸ್ಟಿಯರಿಂಗ್ ಹಿಡಿದು ಒದ್ದೆ ನೆಲದ ಮೇಲೆ ಒಂದು ಪೂರ್ಣ ವೃತ್ತ ಬರೆದಂತೆ ನೆನಪು. ಅದು ನನ್ನ ಆಸೆಯೇ ನೆನಪಿನ ವೇಷದಲ್ಲಿ ಬಂದದ್ದೂ ಇರಬಹುದು. ಹೊರಡುವ ಮುಂಚೆ ಕಾರಿನ ಡಿಕ್ಕಿಯಿಂದ ಪೊರಕೆ ತೆಗೆದು ಗುಡಿಸಿದ್ದು ಖಂಡಿತ. ಅರ್ಧ ನಾನೇ ಗುಡಿಸಿದ್ದೆ.

ಎರಡು ವರ್ಷದ ನಂತರ ಅವರು ಹೃದಯಾಘಾತದಿಂದ ತೀರಿಕೊಂಡರು. ನಾನು ಹೋದಾಗ ಮಗಳು ಗ್ಯಾರೇಜಿನಿಂದ ಭಾರದ ಒಂದು ಚೀಲ ತಂದಳು. "ಹೀ ಕೆಪ್ಟ್ ದಿಸ್ ಫಾರ್ ಯೂ. ಮೂವಿಂಗ್ ಟೈಮಲ್ಲೂ ಬಿಡ್ಲಿಲ್ಲ" ಎಂದಳು. ಮೇಲೆ ಕನ್ನಡದಲ್ಲಿ ನನ್ನ ಹೆಸರಿತ್ತು. ಒಳಗೆ ಬಿಚ್ಚಿದ ಲೋವರ್ ಆರ್ಮ್, ತುದಿಯಲ್ಲಿ ನನ್ನ ನೀಲಿ ಬಣ್ಣದ ತುಂತುರು.

ಮೆಲ್ಬರ್ನಿನಲ್ಲಿ ನಾನು ಕೆಲಸ ಮಾಡುವ ಪ್ರಯೋಗಾಲಯದಲ್ಲಿ ಅದನ್ನು ಕತ್ತರಿಸಿ ಸೂಕ್ಷ್ಮದರ್ಶಕದಡಿ ಇಟ್ಟೆ. ಈ ಬರಹದಲ್ಲಿ ನಾನು ಖುದ್ದಾಗಿ ಪರೀಕ್ಷಿಸಿದ್ದು ಇದೊಂದೇ. ಬಿರುಕು ತಿಂಗಳುಗಟ್ಟಲೆ ಬೆಳೆದಿತ್ತು. ಅದು ಬೆಳೆದ ಒಂದೊಂದು ಹಂತದ ಗುರುತಾಗಿ, ಒಂದರ ಹಿಂದೊಂದು ಗೆರೆಗಳು ಸ್ಪಷ್ಟವಾಗಿದ್ದವು. ಆ ಭಾನುವಾರ ಚಕ್ರವನ್ನು ಹಿಡಿದಿಟ್ಟುಕೊಂಡಿದ್ದದ್ದು ಕಾಲು ಭಾಗಕ್ಕಿಂತ ಕಡಿಮೆ ಲೋಹ.