ಧನುರ್ಮಾಸದ ಗಾಳ

ಆ ಕೆರೆಯ ತೂಬನ್ನು ಎತ್ತಿದವನು ನಾನು. ನೀರುಗಂಟಿ ಬೋರಯ್ಯನಲ್ಲ. ಕೊಯ್ದು ಹಾಸಿದ್ದ ಭತ್ತದ ಮೇಲೆ ಬೆಳಗಾಗುವವರೆಗೆ ನೀರು ಹರಿದದ್ದು ಅವನ ಕುಡಿತದಿಂದಲ್ಲ, ನನ್ನ ಗಾಳದ ಚಪಲದಿಂದ. ಇಷ್ಟನ್ನು ಹೇಳಲು ನನಗೆ ಇಪ್ಪತ್ತೈದು ವರ್ಷಕ್ಕೂ ಹೆಚ್ಚು ಕಾಲ ಬೇಕಾಯಿತು — ಯಾರಿಗೆ ಹೇಳಬೇಕಿತ್ತೋ ಅವನು ಹೋದ ಮೇಲೆ ಬಾಯಿ ಬಂದಿದೆ.

ನಾನು ಶ್ರೀರಂಗಪಟ್ಟಣದವನು. ನಮ್ಮದು ದೇವಸ್ಥಾನದ ಪರಿಚಾರಿಕೆಯ ಮನೆತನ. ಅಪ್ಪ ಜೀವಮಾನವಿಡೀ ಬೆಳಗಿನ ಜಾವ ಹೊಳೆಯಿಂದ ದೇವರಿಗೆ ನೀರು ಹೊತ್ತವರು. ಮೀನಿಗೆ ಪುರಿ ಹಾಕುವ ಜನ ನಾವು, ಗಾಳ ಹಾಕುವ ಜನವಲ್ಲ. ಆದರೆ ಚಿಕ್ಕಂದಿನಿಂದಲೂ ನನ್ನ ಕಣ್ಣು ಬೇರೆ ಕಡೆಗೇ. ಪುರಿಗೆ ಬಾಯಿ ತೆರೆದು ಬರುವ ಮೀನು ನನಗೆ ಬೇಡ. ಆಳದಲ್ಲಿ ಉಳಿದು, ಏನು ಹಾಕಿದರೂ ಬಾರದ ಮೀನು ಬೇಕು. ತಿನ್ನುವ ಆಸೆಯಲ್ಲ ಅದು. ಕಾಣದ್ದು ದಾರದ ತುದಿಯಲ್ಲಿ ಒಮ್ಮೆ ಜಗ್ಗುತ್ತದಲ್ಲ — ಅದರ ಆಸೆ.

ತೊಂಬತ್ತರ ದಶಕದಲ್ಲಿ ನಾಗಮಂಗಲ ತಾಲ್ಲೂಕಿನ ಒಂದು ಊರಿನ ಶಾಲೆಗೆ ಮೇಷ್ಟ್ರಾಗಿ ಹೋದೆ. ಊರಿನ ಹೆಸರು ಬರೆಯುವುದಿಲ್ಲ. ಆ ಊರಿನವರಿಗೆ ತಿಳಿಯುತ್ತದೆ, ಅಷ್ಟು ಸಾಕು. ಶಾಲೆಯ ಹಿಂದೆಯೇ ಕೆರೆಯ ಏರಿ, ಏರಿಯ ಕೆಳಗೆ ಗದ್ದೆ. ಯಾವ ಗದ್ದೆಗೆ ಎಷ್ಟು ಹೊತ್ತು ನೀರು ಬಿಡಬೇಕು ಎಂಬುದು ನೀರುಗಂಟಿ ಬೋರಯ್ಯನ ಕೆಲಸ. ಅವನ ಅಪ್ಪ, ತಾತ ಎಲ್ಲರೂ ಅದನ್ನೇ ಮಾಡಿದವರು. ಸುಗ್ಗಿಯಲ್ಲಿ ಪ್ರತಿ ಕಣದಿಂದಲೂ ಒಂದಷ್ಟು ಭತ್ತ ಅವನ ಮನೆಗೆ ಹೋಗುತ್ತಿತ್ತು. ಅವನನ್ನು ಕೇಳದೆ ಗೌಡರೂ ತೂಬಿಗೆ ಕೈ ಹಚ್ಚುವಂತಿರಲಿಲ್ಲ. ಬೇರೆ ಯಾವ ವಿಷಯದಲ್ಲೂ ಅವನ ಮಾತು ಕೇಳದ ಊರು ನೀರಿನ ವಿಷಯದಲ್ಲಿ ಮಾತ್ರ ಕೇಳುತ್ತಿತ್ತು. ಅವನ ಅನ್ನವೂ ಅದೇ, ಮರ್ಯಾದೆಯೂ ಅದೇ.

ಬಿಡುವಾದಾಗ ಬೋರಯ್ಯ ಏರಿಯ ಆಚೆ ತುದಿಯಲ್ಲಿ, ಜಾಲಿಮರಗಳ ಮರೆಯಲ್ಲಿ ಗಾಳ ಹಾಕಿ ಕೂರುತ್ತಿದ್ದ. ನಾನು ಮೊದಲು ದೂರ ನಿಂತು ನೋಡಿದೆ. ಆಮೇಲೆ ಪಕ್ಕದಲ್ಲಿ ಕೂತೆ. ಆಮೇಲೆ — ಬಿದಿರು ಕಡ್ಡಿ ನನ್ನ ಕೈಯಲ್ಲಿತ್ತು. ಎರೆಹುಳು ಪೋಣಿಸಲು ನನಗೆ ಕೈ ಬಾರದು. ಅದನ್ನು ಅವನೇ ಮಾಡಿಕೊಡುತ್ತಿದ್ದ. ಸಿಕ್ಕ ಮೀನನ್ನು ಅವನೇ ಮನೆಗೆ ಒಯ್ಯುತ್ತಿದ್ದ. ಪಾಪದ ಕೆಲಸವೆಲ್ಲ ಅವನದು, ಸಂತೋಷ ಮಾತ್ರ ನನ್ನದು. ಆಗ ನನಗೆ ಅದು ತಮಾಷೆಯಾಗಿ ಕಂಡಿತ್ತು.

"ಊರಿಗೆ ಗೊತ್ತಾದರೆ ನನ್ನ ಗತಿ ಏನು ಬೋರಯ್ಯ?" ಎಂದು ಒಂದು ದಿನ ಕೇಳಿದೆ. ನಮ್ಮಪ್ಪನ ಕಿವಿಗೆ ಬಿದ್ದರೆ ಮನೆಯ ಹೊಸಿಲು ದಾಟುವಂತಿರಲಿಲ್ಲ.

ಅವನು ನಕ್ಕ. "ಕೆರೆ ನೋಡ್ತು, ನಾನ್ ನೋಡ್ದೆ. ನಾವಿಬ್ರೂ ಬಾಯ್ ಬುಡೋರಲ್ಲ ಬುಡಿ ಮೇಷ್ಟ್ರೇ."

ಆ ಮಾತನ್ನು ಅವನು ಉಳಿಸಿಕೊಂಡ. ಎಷ್ಟರಮಟ್ಟಿಗೆ ಉಳಿಸಿಕೊಂಡ ಎಂದರೆ — ಇರಲಿ, ಅಲ್ಲಿಗೇ ಬರುತ್ತಿದ್ದೇನೆ.

ದೀಪಾವಳಿ ಕಳೆದು ಚಳಿ ಬಿದ್ದರೆ ಕೆರೆಯ ಮೀನು ಆಳಕ್ಕಿಳಿಯುತ್ತದೆ. ಮಂಜು ಕರಗಿ, ಬಿಸಿಲು ನೀರಿಗೆ ಒಂದಷ್ಟು ಹೊತ್ತು ತಾಗಿದ ಮೇಲೆ, ಮಧ್ಯಾಹ್ನದ ಹೊತ್ತಿಗೆ ಒಂದು ಗಳಿಗೆ ಕಚ್ಚಿದರೆ ಕಚ್ಚಿತು. ಇಲ್ಲವಾದರೆ ಇಡೀ ದಿನ ಗಾಳದ ದಾರಕ್ಕೆ ಕಟ್ಟಿ ತೇಲಬಿಟ್ಟ ಬೆಂಡನ್ನೇ ನೋಡುತ್ತ ಕೂರಬೇಕು. ನನ್ನ ಬೆಂಡನ್ನು ಬೋರಯ್ಯನೇ ಕೆತ್ತಿ, ನೀರಿನ ಮೇಲೆ ನನಗೆ ಕಾಣಲೆಂದು ಕೆಂಪು ನೂಲು ಸುತ್ತಿಕೊಟ್ಟಿದ್ದ. ನಾನು ಚಡಪಡಿಸಿದರೆ, "ಚಳೀಲಿ ಮೀನ್ಗೆ ಹಸಿವಿರಕಿಲ್ಲ ಮೇಷ್ಟ್ರೇ, ನಿದ್ದೆ ಇರ್ತದೆ. ಆತ್ರ ಮಾಡ್ಬುಟ್ರೆ ಕೆಟ್ರಿ" ಎನ್ನುತ್ತಿದ್ದ.

ಆದರೆ ನಾನೊಂದನ್ನು ಗಮನಿಸಿದ್ದೆ. ತೂಬು ತೆಗೆದ ದಿನ ಅದರ ಬಳಿ ನೀರು ಜಗ್ಗುತ್ತದೆ. ಜಗ್ಗಿದ ಕಡೆಗೆ ಚಿಕ್ಕ ಮೀನು ಬರುತ್ತದೆ, ಅದರ ಹಿಂದೆ ಕೊರವ ಮೀನು ನಿದ್ದೆ ಬಿಟ್ಟು ಬರುತ್ತದೆ. ತೂಬಿನ ಕಲ್ಲುಕಂಬಗಳ ನಡುವೆ ತೋಳುದ್ದದ ಒಂದು ಕೊರವ ಉಸಿರಿಗೆಂದು ಮೇಲೆದ್ದು ಮುಳುಗುವುದನ್ನು ಎರಡು ಸಲ ಕಂಡಿದ್ದೆ. ಒಂದು ಗೇಣು ತೂಬು ಎತ್ತಬಾರದೇ ಎಂದು ಬೋರಯ್ಯನನ್ನು ಕೇಳಿದ್ದಕ್ಕೆ ಅವನ ಮುಖವೇ ಬದಲಾಯಿತು. "ಆ ಮಾತ್ ಆಡ್ಬ್ಯಾಡಿ ಮೇಷ್ಟ್ರೇ. ತೂಬು ಎತ್ತೋದು ಗದ್ದೆಗೆ. ಮೀನ್ಗಲ್ಲ." ನನ್ನ ಮೇಲೆ ಅವನು ದನಿ ಎತ್ತಿದ್ದು ಅದೊಂದೇ ಸಲ.

ಧನುರ್ಮಾಸದ ಒಂದು ಭಾನುವಾರ. ಭತ್ತ ಕೊಯ್ದು, ಒಣಗಲೆಂದು ಗದ್ದೆಯಲ್ಲೇ ಸಾಲಾಗಿ ಹಾಸಿದ್ದರು. ಕ್ಯಾತನಹಳ್ಳಿಗೆ ಕೊಟ್ಟಿದ್ದ ಮಗಳಿಗೆ ಹೆರಿಗೆಯಾಗಿದೆಯೆಂದು ಬೋರಯ್ಯನಿಗೆ ಸುದ್ದಿ ಬಂದಿತ್ತು. ಬಸ್ಸಿಗೆ ಹೊರಡುವಾಗ ನನ್ನ ಕೋಣೆಗೆ ಬಂದ. "ತೂಬು ಬಿಗಿಯಾಗದೆ. ನಾಳೆ ಬೆಳಿಗ್ಗೆ ಬಂದ್ಬುಡ್ತೀನಿ. ಕೆರೆ ಕಡೀಕೆ ಒಂದ್ ಕಣ್ಣಿಟ್ಟಿರಿ ಮೇಷ್ಟ್ರೇ." ಊರಿನಲ್ಲಿ ಅಷ್ಟು ಜನರಿದ್ದರು. ಅವನು ಹೇಳಿದ್ದು ನನಗೆ.

ಬೇಲಿಯೇ ಎದ್ದು ಹೊಲ ಮೇಯ್ದರೆ ಕಾಯುವವರು ಯಾರು? ಮಧ್ಯಾಹ್ನ ನಾನು ಗಾಳ ಹಿಡಿದು ತೂಬಿನ ಕಲ್ಲಿನ ಮೇಲೆ ನಿಂತಿದ್ದೆ. ಕಂಬಗಳ ನಡುವೆ ನೀರಿಗೆ ಇಳಿದ ಒಂದು ಉದ್ದ ಗಳ, ಅದರ ಬುಡದಲ್ಲಿ ಕಲ್ಲಿನ ಕಂಡಿಯನ್ನು ಮುಚ್ಚುವ ಮರದ ಬಿರಡೆ — ತೂಬೆಂದರೆ ಇಷ್ಟೇ ಎಂದುಕೊಂಡಿದ್ದೆ. ಗಳವನ್ನು ಗೇಣುದ್ದ ಎತ್ತಿ ಕಲ್ಲು ಸಿಕ್ಕಿಸಿದೆ. ನೀರು ಸುಳಿಯಿತು. ಎರೆಹುಳುವನ್ನು ಅಂದು ನಾನೇ ಪೋಣಿಸಿದೆ. ಆಸೆಗೆ ಬಿದ್ದರೆ ಬಾರದ ಕೈಯೂ ಬರುತ್ತದೆ.

ಕೊರವ ಬಂತು. ಬೆಂಡು ಒಮ್ಮೆ ನಡುಗಿ, ಕೆಂಪು ನೂಲಿನ ಸಮೇತ ಮುಳುಗಿತು. ಆ ಜಗ್ಗನ್ನು ನನ್ನ ತೋಳು ಇವತ್ತಿಗೂ ಮರೆತಿಲ್ಲ — ಮರೆತಿದ್ದರೆ ಚೆನ್ನಾಗಿತ್ತು. ಮೀನನ್ನು ಕಲ್ಲಿನ ಮೇಲೆ ಎಳೆದು ಹಾಕಿದ ಮೇಲೆ ತಿಳಿಯಿತು, ಅದನ್ನು ಏನು ಮಾಡಬೇಕೆಂದು ನನಗೆ ಗೊತ್ತಿಲ್ಲ. ತಿನ್ನುವಂತಿಲ್ಲ, ಒಯ್ಯುವಂತಿಲ್ಲ, ಕೊಡೋಣವೆಂದರೆ ಬೋರಯ್ಯನಿಲ್ಲ. ದಾರ ಹರಿದು, ಗಾಳ ಬಿಡಿಸಿ, ಮೀನನ್ನು ನೀರಿಗೇ ತಳ್ಳಿದೆ. ಅಷ್ಟರಲ್ಲಿ ಏರಿಯ ಮೇಲೆ ದನಗಳ ಗಂಟೆ ಕೇಳಿಸಿತು, ನೀರು ಕುಡಿಸಲು ಯಾರೋ ಹೊಡೆದುಕೊಂಡು ಬರುತ್ತಿದ್ದರು. ಸಿಕ್ಕಿಸಿದ ಕಲ್ಲು ತೆಗೆದು ಗಳವನ್ನು ಒತ್ತಿದೆ. ಸುಳಿ ಸಣ್ಣದಾಯಿತು. ನಿಂತಿತೋ ಇಲ್ಲವೋ — ಬಗ್ಗಿ ನೋಡಲು ಒಂದು ನಿಮಿಷ ಸಾಕಿತ್ತು. ನಾನು ಕಡ್ಡಿ ಎತ್ತಿಕೊಂಡು ಜಾಲಿಮರಗಳ ಕಡೆಗೆ ಓಡಿದೆ.

ಬಿರಡೆಯನ್ನು ತಿರುಚಿ ಕೂರಿಸಬೇಕಂತೆ, ಸುತ್ತ ಹುಲ್ಲು ಮತ್ತು ಜೇಡಿಮಣ್ಣು ಮೆತ್ತಬೇಕಂತೆ. ಬೋರಯ್ಯನ ಮನೆಯವರಿಗೆ ಬಿಟ್ಟು ಅದು ಯಾರಿಗೂ ಗೊತ್ತಿರಲಿಲ್ಲ. ಸಡಿಲವಾಗಿ ಕೂತ ಬಿರಡೆ ರಾತ್ರಿ ನೀರಿನ ಒತ್ತಡಕ್ಕೆ ಸರಿದು, ಬೆಳಗಾಗುವುದರೊಳಗೆ ಏರಿ ಕೆಳಗಿನ ಗದ್ದೆಗಳಲ್ಲಿ ಮೊಣಕಾಲುದ್ದ ನೀರು ನಿಂತಿತ್ತು. ನಾಲ್ಕು ದಿನಕ್ಕೆ ತೆನೆಯಲ್ಲೇ ಭತ್ತ ಮೊಳಕೆಯೊಡೆಯಿತು. ನಾನು ನೀರಿಗೆ ಬಿಟ್ಟ ಒಂದು ಮೀನಿಗಾಗಿ ಹತ್ತಾರು ಮನೆಗಳ ವರ್ಷದ ಅನ್ನ ಹೋಯಿತು.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎನ್ನುತ್ತಾರೆ. ಗದ್ದೆಯಲ್ಲಿ ನೀರು ಕಂಡ ದಿನವೇ ಪಂಚಾಯ್ತಿ ಸೇರಿತು, ನಮ್ಮ ಶಾಲೆಯ ಜಗುಲಿಯಲ್ಲಿ. ನನ್ನ ಅಕ್ಷರ ದುಂಡಗಿದೆಯೆಂದು ಊರಿನವರಿಗೆ ಹೆಮ್ಮೆ. ತೀರ್ಮಾನ ಬರೆಯಲು ನನ್ನನ್ನೇ ಕೂರಿಸಿದರು. ಬೋರಯ್ಯ ಕೆಳಗೆ ನಿಂತಿದ್ದ. ಬೆಳಿಗ್ಗೆ ಬಸ್ಸಿಳಿದವನೇ ಆ ಚಳಿಯಲ್ಲಿ ನೀರಿಗಿಳಿದು ತೂಬು ಮುಚ್ಚಿ ಬಂದಿದ್ದ. ಪಂಚೆ ಇನ್ನೂ ಒದ್ದೆಯಾಗಿತ್ತು.

"ಯಾಕ್ಲಾ ಬೋರ, ಕುಡ್ದು ತೂಬು ಬುಟ್ಟೋದ್ಯಾ?" ಎಂದರು ಗೌಡರು.

"ಮುಚ್ಚೇ ಓಗಿದ್ದೆ ಗೌಡ್ರೇ."

"ಅಂಗಾದ್ರೆ ಎತ್ತಿದ್ದು ಯಾರ್ಲಾ? ದೆವ್ವವಾ?"

ಬೋರಯ್ಯ ನನ್ನನ್ನು ನೋಡಿದ. ಸಿಟ್ಟಿನಿಂದಲ್ಲ — ಕಾಯುವವನ ಹಾಗೆ. ಬೆಂಡಿನ ಮೇಲೆ ಕಣ್ಣಿಟ್ಟು ಕೂತಾಗ ಇರುತ್ತಿತ್ತಲ್ಲ, ಅದೇ ನೋಟ. ನಾನು ತಲೆ ತಗ್ಗಿಸಿ ಪೆನ್ನಿನ ಮುಚ್ಚಳ ತೆಗೆದೆ. ಕೆಳಗಿನಿಂದ ಅವನ ದನಿ ಕೇಳಿತು.

"ಬರ್ಕಳಿ ಮೇಷ್ಟ್ರೇ. ನಂದೇ ತಪ್ಪು ಅಂತ."

ಬರೆದುಕೊಂಡೆ. ನೀರುಗಂಟಿ ಬೋರಯ್ಯನು ಕುಡಿದ ಅಮಲಿನಲ್ಲಿ ತೂಬನ್ನು ಸರಿಯಾಗಿ ಮುಚ್ಚದೆ ಊರು ಬಿಟ್ಟು ಹೋದ ಕಾರಣ, ಅವನನ್ನೂ ಅವನ ಮನೆಯವರನ್ನೂ ನೀರುಗಂಟಿ ಕೆಲಸದಿಂದ ಬಿಡಿಸಲಾಗಿದೆ ಎಂದು — ಒಂದು ಚಿತ್ತಿಲ್ಲದೆ ಬರೆದೆ. ಅವನ ಹೆಬ್ಬೆರಳನ್ನು ಹಿಡಿದು ಶಾಯಿಗೆ ಅದ್ದಿ ಕಾಗದಕ್ಕೆ ಒತ್ತಿಸಿದವನೂ ನಾನೇ. ಬೆರಳು ಹಿಮದಂತೆ ತಣ್ಣಗಿತ್ತು.

ಎಲ್ಲರೂ ಹೋದ ಮೇಲೆ ಅವನು ಸೊಂಟದ ಗಂಟಿನಿಂದ ಏನನ್ನೋ ತೆಗೆದು ನನ್ನ ಮೇಜಿನ ಮೇಲಿಟ್ಟ. ಕೆಂಪು ನೂಲು ಸುತ್ತಿದ ಬೆಂಡು. "ತೂಬಿನ ಕಲ್ ಮ್ಯಾಲೆ ಬುಟ್ಟಿದ್ರಿ" ಎಂದ. ಅಷ್ಟೇ. ನಾನು ಅವನ ಕಾಲು ಹಿಡಿಯಬೇಕಿತ್ತು. ಯಾರಾದರೂ ನೋಡಿಬಿಟ್ಟರೇ ಎಂದು ಬಾಗಿಲ ಕಡೆ ನೋಡಿ, ಬೆಂಡನ್ನು ಜೇಬಿಗೆ ಹಾಕಿಕೊಂಡೆ.

ಬೋರಯ್ಯ ಊರು ಬಿಟ್ಟು ಮಗಳ ಮನೆಗೆ ಹೋದ. ಕ್ಯಾತನಹಳ್ಳಿಯಲ್ಲಿ ಕಂಡವರ ಕಬ್ಬು ಕಡಿದ. ನಾನು ವರ್ಗ ಮಾಡಿಸಿಕೊಂಡು ಮೊದಲು ಕೆ.ಆರ್. ಪೇಟೆಗೆ, ಆಮೇಲೆ ಪಾಂಡವಪುರದ ಕಡೆಗೆ ಬಂದೆ. ಶಾಲೆಗೆ ಹೋಗುವ ಬಸ್ಸು ಅವನ ಊರಿನ ಮೇಲೆಯೇ ಹೋಗುತ್ತಿತ್ತು. "ಕ್ಯಾತನಳ್ಳಿ ಇಳ್ಕಳಿ" ಎಂದು ಕಂಡಕ್ಟರ್ ಕೂಗಿದಾಗಲೆಲ್ಲ ನಾನು ಪೇಪರನ್ನು ಮುಖಕ್ಕೆ ಅಡ್ಡ ಹಿಡಿಯುತ್ತಿದ್ದೆ. ಒಂಬತ್ತು ವರ್ಷ ಹಾಗೆ ಹಿಡಿದೆ. ಅಪ್ಪ ಬದುಕಿರುವವರೆಗೆ ಬೇಡ ಎಂದುಕೊಂಡೆ. ಅಪ್ಪ ಹೋದರು. ನಿವೃತ್ತಿಯಾಗಲಿ ಎಂದುಕೊಂಡೆ. ಅದೂ ಆಯಿತು.

ಹೋದ ತಿಂಗಳು ಇಳಿದೆ. ಮಗಳು ಲಕ್ಷ್ಮಮ್ಮ ಕೊಟ್ಟಿಗೆಯಲ್ಲಿ ಹಾಲು ಕರೆಯುತ್ತಿದ್ದಳು. ಹೆಸರು ಹೇಳಿದ ಕೂಡಲೇ ಎದ್ದು ನಿಂತಳು. ಬೋರಯ್ಯ ಹೋಗಿ ಮೂರು ವರ್ಷವಾಗಿತ್ತು.

"ಮೇಷ್ಟ್ರು ಒಂದಿನ ಬತ್ತಾರೆ, ಒಂದ್ ಮಾತು ಯೋಳ್ತಾರೆ ಅಂತಿತ್ತು ನಮ್ಮಪ್ಪ. ಸಾಯಗಂಟ ಅಂತಿತ್ತು. ಏನ್ ಮಾತು ಅಂದ್ರೆ, ಅವ್ರೇ ಯೋಳ್ಲಿ ಬುಡು ಅನ್ನದು."

ಹೇಳಿದೆ. ಇಲ್ಲಿ ಬರೆದಷ್ಟನ್ನೂ ಹೇಳಿದೆ. ಆಕೆ ಹಾಲಿನ ಚೊಂಬನ್ನು ಬದಿಗಿಟ್ಟು ಸೆರಗಿನಿಂದ ಕೈ ಒರೆಸಿಕೊಂಡಳು.

"ನನ್ ತಾವ ಯೋಳುದ್ರೆ ಏನ್ ಬಂತು ಮೇಷ್ಟ್ರೇ? ನಮ್ಮಪ್ಪ ಕುಡುಕ ಅಂತ ನಾನ್ ಬರ್ದಿರ್ನಿಲ್ಲ. ಆ ಊರಾಗ್ ಯೋಳಿ."

ಅದಕ್ಕೇ ಇದನ್ನು ಬರೆದಿದ್ದೇನೆ. ಬರುವ ಭಾನುವಾರ ಆ ಊರಿಗೆ ಹೋಗುತ್ತೇನೆ. ಈಗಲೂ ಧನುರ್ಮಾಸವೇ, ಗದ್ದೆಯಲ್ಲಿ ಕೊಯ್ಲು ನಡೆದಿರುತ್ತದೆ, ಜನ ಊರಲ್ಲೇ ಇರುತ್ತಾರೆ. ಅದೇ ಜಗುಲಿಯಲ್ಲಿ ನಿಂತು ಇದನ್ನು ಮೊದಲ ಸಾಲಿನಿಂದ ಓದುತ್ತೇನೆ. ಕಲ್ಲೆಸೆದರೂ ಸರಿ, ಎದ್ದು ಹೋದರೂ ಸರಿ, ಪೂರ್ತಿ ಓದುತ್ತೇನೆ. ಬೆಂಡನ್ನೂ ಒಯ್ಯುತ್ತೇನೆ, ಕೆಂಪು ನೂಲು ಮಾಸಿದೆ, ಬಿಚ್ಚಿಲ್ಲ. ಕಾಗದದ ಕೊನೆಯಲ್ಲಿ ಸಹಿ ಮಾಡಲು ಕೈ ಬರಲಿಲ್ಲ. ಹೆಬ್ಬೆಟ್ಟು ಒತ್ತಿದ್ದೇನೆ.